ಇಪ್ಪತ್ನಾಲ್ಕು ಬೈಟಿನಲ್ಲಿ ಹಿಡಿಸದ ಹೆಸರು

ತಪಾಸಣೆಗೆ ಬಂದ ಅಧಿಕಾರಿ ಮೊದಲ ದಿನ ಬರೆದುಕೊಂಡ ಟಿಪ್ಪಣಿಯಲ್ಲಿ ಕಾರಣ ಎಂದು ಇದ್ದದ್ದು ಎರಡು ಕೆ.ಜಿ.ಯ ಒಂದು ತೂಕದ ಕಲ್ಲು. ಅದನ್ನು ಬಾಯ್ಲರಿನ ಸೇಫ್ಟಿ ವಾಲ್ವಿಗೆ ಕಟ್ಟಿದವರು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅಣ್ಣ. ಹಾಗಾಗಿ ಒಂದನೇ ಬೇಸಿನ್ನಿನ ಅಕ್ಕನಿಗೆ ಆದದ್ದಕ್ಕೆ ಅವರೇ ಹೊಣೆ ಎಂದು ಎಲ್ಲರೂ ಒಪ್ಪಿಕೊಂಡರು. ಅವರೂ ಒಪ್ಪಿಕೊಂಡರು. ಕಲ್ಲು ಕಟ್ಟಿದ್ದು ನಿಜ, ಅದನ್ನು ನಾನೂ ನೋಡಿದ್ದೆ. ಆದರೆ ಅಲ್ಲಿ ಇನ್ನೊಂದು ಕಾರಣವೂ ಇತ್ತು. ಅದು ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಅದನ್ನು ನನ್ನ ಮೇಜಿನ ಮುಂದೆ ಕೂತು, ಕಂಪ್ಯೂಟರಿನ ಸಿ ಭಾಷೆಯಲ್ಲಿ, ಬರೆದವನು ನಾನು.

ರಾಮನಗರದ ಗೂಡಿನ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಆ ರೀಲಿಂಗ್ ಘಟಕ ಇದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ತುದಿ ಹುಡುಕಿ, ನೂಲು ಬಿಚ್ಚುವ ಹತ್ತು ಬೇಸಿನ್‌ಗಳು. ಎಲ್ಲಕ್ಕೂ ಬಿಸಿ ಕೊಡುವುದು ಹಿಂಬದಿಯ ಶೆಡ್ಡಿನಲ್ಲಿರುವ, ಸೌದೆ ಉರಿಸುವ ಚಿಕ್ಕ ಬಾಯ್ಲರ್. ಅದರ ಆವಿ ಒಂದು ದಪ್ಪ ಪೈಪಿನಲ್ಲಿ ಗೋಡೆ ದಾಟಿ ಒಳಗೆ ಬಂದು, ಒಂದನೇ ಬೇಸಿನ್ನಿನ ಹಿಂದೆಯೇ ಮೊದಲ ಜಾಯಿಂಟ್ ತೆಗೆದುಕೊಂಡು ಮುಂದೆ ಹೋಗುತ್ತಿತ್ತು.

ನಾನು ಅಲ್ಲಿಗೆ ಮಾಡಿಕೊಟ್ಟದ್ದು ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಬಾಯ್ಲರಿನ ಒತ್ತಡ ಅಳೆಯುವ ಸೆನ್ಸರ್, ಒಂದು ಚಿಕ್ಕ ಪರದೆ, ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ, ಒಂದು ಸಿಮ್, ಶೆಡ್ಡಿನ ತಲೆಯ ಮೇಲೆ ಒಂದು ಸೈರನ್. ಒತ್ತಡ ಚದರ ಸೆಂಟಿಮೀಟರಿಗೆ ಮೂರೂವರೆ ಕೆ.ಜಿ. ದಾಟಿದರೆ ಸೈರನ್ ಕೂಗಬೇಕು. ದಿನಾ ಬೆಳಿಗ್ಗೆ ಮಾಲೀಕರ ಫೋನಿಗೆ ಘಟಕದ ಹೆಸರು, ಆಗಿನ ಒತ್ತಡ, ಎಲ್ಲ ಸರಿ ಇದೆಯೋ ಇಲ್ಲವೋ ಎಂದು ಒಂದು ಮೆಸೇಜ್ ಹೋಗಬೇಕು. ಇದೇ ಥರದವು, ಇದೂ ಕನಕಪುರ, ಮಾಗಡಿ ಕಡೆಯವೂ ಸೇರಿ, ಒಟ್ಟು ಹನ್ನೊಂದು ಕಡೆ ಕೂತಿದ್ದವು.

ಪೆಟ್ಟಿಗೆ ಹಾಕಲು ಹೋದ ಮೊದಲ ದಿನವೇ ಆ ಕಲ್ಲನ್ನು ನೋಡಿದೆ. ಸೇಫ್ಟಿ ವಾಲ್ವಿಗೆ ಉದ್ದನೆಯ ಸನ್ನೆಕೋಲು ಇರುತ್ತದೆ, ಅದರ ತುದಿಯಲ್ಲಿ ಕಂಪನಿಯವರೇ ಕೊಟ್ಟ ತೂಕ. ಒತ್ತಡ ಹೆಚ್ಚಾದರೆ ಆವಿ ಆ ಸನ್ನೆಯನ್ನು ಎತ್ತಿಕೊಂಡು ಹೊರಗೆ ಹೋಗುತ್ತದೆ. ಅಲ್ಲಿ ಕಂಪನಿಯ ತೂಕದ ಪಕ್ಕದಲ್ಲಿ, ಹಿಂದೆ ಗೂಡು ತೂಗುತ್ತಿದ್ದ ತಕ್ಕಡಿಯ ಕಲ್ಲೊಂದು ತಂತಿಯಲ್ಲಿ ನೇತಾಡುತ್ತಿತ್ತು.

"ಇದನ್ನು ತೆಗೀರಿ ಅಣ್ಣ," ಅಂದೆ.

ಬಾಯ್ಲರ್ ಅಣ್ಣ ಮರಳವಾಡಿ ಕಡೆಯವರು. ಹೊಲವೂ ಉಂಟು, ಅದನ್ನು ತಮ್ಮನಿಗೆ ಬಿಟ್ಟು ಇಪ್ಪತ್ತು ವರ್ಷದಿಂದ ಬೆಂಕಿಯ ಮುಂದೆ ಕೂತವರು. ಬೀಡಿಯನ್ನು ಕಿವಿಯ ಮೇಲಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡು ಹೇಳಿದರು: "ತೆಗುದ್ರೆ ವಾಲ್ವು ಬೆಳಗಿಂದ ಸಂಜೆಗಂಟ ಉಸ್ ಅಂತ ಆವಿ ಬುಡ್ತಾ ಕುಂತ್ಕತದೆ ಸಾ. ಆವಿ ಹೋದ್ರೆ ನೀರು ಕಾಯಲ್ಲ. ನೀರು ಕಾಯ್ದಿದ್ರೆ ಗೂಡು ತುದಿ ಬುಡಲ್ಲ. ಎಲ್ಲಾ ಕಡೆ ಕಟ್ಟವ್ರೆ, ನೋಡಿ ಬೇಕಾದ್ರೆ."

"ಕಟ್ಟಬಾರದು."

"ಅದುಕ್ಕೇ ಅಲ್ವಾ ನಿಮ್ಮನ್ನ ಕರ್ಸಿರೋದು. ಈಗ ನಿಮ್ ಸೈರನ್ ಐತಲ್ಲ."

ಆ ಮಾತು ನನಗೆ ಹಿತವಾಯಿತು. ಎರಡನೇ ಸಲ ಹೇಳಲಿಲ್ಲ.

ಒಂದನೇ ಬೇಸಿನ್ನಿನ ಅಕ್ಕ ಒಳಗಿನಿಂದಲೇ ಕೂಗಿದಳು: "ಸಾರ್, ಆ ಸೈರನ್ನು ಒಸಿ ಜೋರಾಗೇ ಇಕ್ಕಿ. ನಮ್ಮಣ್ಣಂಗೆ ಮಧ್ಯಾಹ್ನದ ಮೇಲೆ ರೆಪ್ಪೆ ಭಾರ ಆಯ್ತದೆ."

"ನಿನ್ ಬಾಯಿಗಿಂತ ಜೋರಾ ಸೈರನ್ನು?" ಅಂದರು ಅಣ್ಣ.

ಅವರಿಬ್ಬರದೂ ಹಾಗೆ. ಗೋಡೆಯ ಈಚೆಗೆ ಒಬ್ಬರು, ಆಚೆಗೆ ಒಬ್ಬರು, ಹನ್ನೆರಡು ವರ್ಷ.

ಕೆಲವು ತಿಂಗಳ ನಂತರ ಮಾಲೀಕರ ತಾಯಿ ತೀರಿಕೊಂಡರು. ಆ ಮನೆತನದಲ್ಲಿ ರೇಷ್ಮೆ ಶುರುವಾದದ್ದೇ ಆಕೆಯಿಂದ. ಚರಕದ ಕಾಲದಲ್ಲಿ ಕುದಿಯುವ ನೀರಿಗೆ ಬೆರಳು ಅದ್ದಿ ಅದ್ದಿ ಆಕೆಯ ಉಗುರುಗಳು ಬೆಳ್ಳಗೆ ಸುಕ್ಕಾಗಿದ್ದವಂತೆ. ನಲವತ್ತು ದಿನ ಕಳೆದ ಮೇಲೆ ಮಾಲೀಕರು ನನ್ನ ವರ್ಕ್‌ಶಾಪಿಗೆ ಬಂದರು.

"ಸಾರ್, ಫ್ಯಾಕ್ಟರಿ ಹೆಸರು ಬದಲಾಯಿಸ್ತಾ ಇದ್ದೀನಿ. ಅಮ್ಮಿ ಹೆಸರು ಇಡ್ತೀನಿ. ಬೆಳಿಗ್ಗೆ ಮೆಸೇಜ್ ಬರುತ್ತಲ್ಲ, ಅದರಲ್ಲೂ ಅದೇ ಬರಬೇಕು. ಇಂಗ್ಲಿಷಲ್ಲಿ ಬೇಡ."

"ಉರ್ದುವಿನಲ್ಲಾ?"

"ಕನ್ನಡದಲ್ಲಿ. ಅಮ್ಮಿ ನಾಲ್ಕನೇ ಕ್ಲಾಸ್ ತನಕ ಕನ್ನಡ ಸ್ಕೂಲಿಗೆ ಹೋಗಿದ್ದು. ಅವರಿಗೆ ಓದೋಕೆ ಬರ್ತಿದ್ದದ್ದು ಅದೊಂದೇ. ಬೇಸಿನ್ ಹೆಂಗಸರೂ ಅದನ್ನೇ ಓದೋದು. ಆಗುತ್ತಾ?"

"ಯಾಕಾಗಲ್ಲ? ನಿಮ್ಮ ಫೋನಿನ ಆ್ಯಪ್‌ನಲ್ಲೇ ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಟೈಪ್ ಮಾಡಿ, ಸೇವ್ ಒತ್ತಿ," ಅಂದೆ. ಹೆಮ್ಮೆಯಿಂದಲೇ ಅಂದೆ. ಪೆಟ್ಟಿಗೆಯ ಮೆಸೇಜನ್ನು ಕನ್ನಡದಲ್ಲಿ ಕಳುಹಿಸಲು ಎರಡು ವಾರ ಒದ್ದಾಡಿದ್ದೆ.

ಅವರು ನನ್ನೆದುರಿಗೇ ಟೈಪ್ ಮಾಡಿದರು. ನೂರುನ್ನಿಸಾ. ಸಂಜೆ ಘಟಕಕ್ಕೆ ಹೋಗಿ ಪೆಟ್ಟಿಗೆಯ ಹತ್ತಿರ ನಿಂತು ಸೇವ್ ಒತ್ತಿದರಂತೆ. ಮರುದಿನ ಬೆಳಿಗ್ಗೆ ಮೆಸೇಜಿನ ಚಿತ್ರ ತೆಗೆದು ನನಗೆ ಕಳಿಸಿದರು: "ನೂರುನ್ನಿಸಾ: ಒತ್ತಡ 2.8. ಎಲ್ಲ ಸರಿ." ಒಂದು ಅಕ್ಷರವೂ ತಪ್ಪಿರಲಿಲ್ಲ. ಅದರ ಕೆಳಗೆ ಕೈಮುಗಿದ ಗುರುತು ಹಾಕಿದ್ದರು. ನಾನೂ ಒಂದು ಕೈಮುಗಿದ ಗುರುತು ಹಾಕಿದೆ.

ಇದಾಗಿ ಐದು ವಾರಕ್ಕೆ ಆ ದಿನ ಬಂತು.

ಪೆಟ್ಟಿಗೆಯ ಬ್ಯಾಟರಿ ಬದಲಿಸಲು ಹೋಗಿದ್ದೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಹೊಸ ಬ್ಯಾಟರಿ ಹಾಕಿ, ಪರೀಕ್ಷೆಯ ಗುಂಡಿ ಒತ್ತಿದೆ. ಸೈರನ್ ಕಿವಿ ಹರಿಯುವಂತೆ ಕೂಗಿತು. ಒಳಗಿನಿಂದ ಅಕ್ಕ, "ಎದ್ದವ್ನೆ ಸಾರ್, ಸಾಕು ನಿಲ್ಸಿ" ಅಂದಳು. ಹೆಂಗಸರೆಲ್ಲ ನಕ್ಕರು. ನಾನು ಪೆಟ್ಟಿಗೆ ಮುಚ್ಚಿ ಸ್ಕ್ರೂ ತಿರುಗಿಸುತ್ತಿದ್ದಾಗ ಕರೆಂಟು ಹೋಯಿತು.

ರೀಲುಗಳು ನಿಂತವು. ಅಷ್ಟು ಹೊತ್ತು ಕಿವಿಯಲ್ಲಿ ತುಂಬಿದ್ದ ಸದ್ದು ಒಮ್ಮೆಗೇ ಇಳಿದುಹೋಯಿತು. ಕರೆಂಟು ಹೋದರೆ ಬೇಸಿನ್ನಿನವರು ತಮ್ಮ ತಮ್ಮ ಆವಿಯ ನಲ್ಲಿ ಮುಚ್ಚುವುದು ರೂಢಿ; ಇಲ್ಲದಿದ್ದರೆ ಗೂಡು ಅತಿಯಾಗಿ ಬೇಯುತ್ತದೆ. ಹತ್ತೂ ನಲ್ಲಿ ಮುಚ್ಚಿದವು. ಅಣ್ಣ ಅದಕ್ಕೆ ಸ್ವಲ್ಪ ಮೊದಲು ಒಣ ಸೌದೆ ಒಟ್ಟಿದ್ದರು. ಬೆಂಕಿ ಚೆನ್ನಾಗಿ ಹಿಡಿದಿತ್ತು. ಆವಿಗೆ ಹೋಗಲು ದಾರಿ ಇರಲಿಲ್ಲ.

ಹೆಂಗಸರು ಗಾಳಿಗೆಂದು ಅಂಗಳಕ್ಕೆ ಹೋದರು. ಒಂದನೇ ಬೇಸಿನ್ನಿನ ಅಕ್ಕ ಏಳಲಿಲ್ಲ.

"ಆಚೆಗೆ ಬಾರಕ್ಕ, ಒಳಗ್ಯಾಕೆ ಬೇಯ್ತೀಯಾ," ಅಂದರು ಅಣ್ಣ, ಗೋಡೆಯ ಕಿಂಡಿಯಿಂದ.

"ನಾಲ್ಕು ಎಳೆ ತಪ್ಪೋಗವೆ. ಈಗ ಹುಡುಕ್ಕಂಡ್ರೆ ಕರೆಂಟು ಬಂದಾಗ ಒದ್ದಾಡಂಗಿಲ್ಲ. ನೀನು ಹೋಗು, ಗಾಳಿ ಕುಡಿ."

ಅಣ್ಣ ಬಾಯ್ಲರಿನ ಮುಂದೆ ಬಂದು ಮುಳ್ಳಿನ ಗೇಜನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದರು. ಅದರ ಗಾಜು ಮಸಿ ಹಿಡಿದು ಮುಳ್ಳು ಸರಿಯಾಗಿ ಕಾಣುತ್ತಿರಲಿಲ್ಲ. ಪೆಟ್ಟಿಗೆ ಬಂದ ಮೇಲೆ ಯಾರೂ ಅದನ್ನು ನೋಡುತ್ತಲೂ ಇರಲಿಲ್ಲ.

"ಸಾ, ಮುಳ್ಳು ಒಸಿ ಮ್ಯಾಕೋಗಿರಂಗೆ ಕಾಣ್ತದೆ. ಬೆಂಕಿ ಎಳುದ್ಬುಡ್ಲಾ?"

ನಾನು ಪೆಟ್ಟಿಗೆಯ ಪರದೆ ನೋಡಿದೆ. 4.4 ಎಂದಿತ್ತು. ಪಕ್ಕದಲ್ಲಿ "ಸರಿ" ಎಂಬುದಕ್ಕೆ ನಾನು ಇಟ್ಟಿದ್ದ ಗುರುತು. ಆ ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ. ಮೂರೂವರೆಗೆ ಕೂಗಬೇಕಾದದ್ದು ನಾಲ್ಕೂವರೆಯ ಹತ್ತಿರ ಸುಮ್ಮನಿದೆ ಎಂದರೆ ಎರಡರಲ್ಲಿ ಒಂದು ತಪ್ಪು. ಆಗ ನನ್ನ ತಲೆ ಏನು ಮಾಡಿತು ಎಂದು ಈಗಲೂ ಹಿಂದಕ್ಕೆ ಹೋಗಿ ನೋಡುತ್ತೇನೆ. ಈಗಷ್ಟೇ ಸೈರನ್ ಕೂಗಿದೆ, ಆದ್ದರಿಂದ ಸೈರನ್ ಸರಿ ಇದೆ. ಪ್ರೋಗ್ರಾಮ್ ವರ್ಷದಿಂದ ನಡೆಯುತ್ತಿದೆ, ಆದ್ದರಿಂದ ಅದೂ ಸರಿ. ಬ್ಯಾಟರಿ ಬದಲಿಸಿದೆನಲ್ಲ, ಸೆನ್ಸರ್ ಅಂಕಿ ಸ್ವಲ್ಪ ಮೇಲೆ ತೋರಿಸುತ್ತಿರಬೇಕು. ಅಂಕಿಯನ್ನು ಅನುಮಾನಿಸಿದೆ. ನಾನು ಬರೆದದ್ದನ್ನು ಅನುಮಾನಿಸಲಿಲ್ಲ.

"ಸೈರನ್ ಕೂಗಿಲ್ಲವಲ್ಲ, ಇರಿ," ಅಂದೆ.

ಉರಿಯುವ ಸೌದೆಯನ್ನು ಹೊರಗೆಳೆಯಲು ಕೈಗೆತ್ತಿಕೊಂಡಿದ್ದ ಕೊಕ್ಕೆಯನ್ನು ಅವರು ಗೋಡೆಗೆ ಒರಗಿಸಿದರು. ನಾನು ಬ್ಯಾಗಿನಲ್ಲಿ ಮೀಟರ್ ಹುಡುಕಲು ಅಂಗಳದಲ್ಲಿದ್ದ ಬೈಕಿನ ಹತ್ತಿರ ಹೋದೆ. ಅದು ಡಿಕ್ಕಿಯ ತಳದಲ್ಲಿತ್ತು, ಸಿಕ್ಕಲು ಹೊತ್ತಾಯಿತು. ಅದನ್ನು ಹಿಡಿದುಕೊಂಡು ಬಾಗಿಲ ಹತ್ತಿರ ಬರುವಾಗ ಸದ್ದು ಕೇಳಿತು. ಸ್ಫೋಟದಂಥದ್ದಲ್ಲ. ದೊಡ್ಡ ಬಟ್ಟೆಯನ್ನು ಇಬ್ಬರು ಹಿಡಿದು ಹರಿದ ಹಾಗೆ, ಆಮೇಲೆ ನಿಲ್ಲದ ಒಂದು ಬುಸುಗುಟ್ಟುವಿಕೆ. ಒಳಗೆ ಬಿಳಿ ಆವಿ ಬಿಟ್ಟರೆ ಏನೂ ಕಾಣಲಿಲ್ಲ. ಒಂದನೇ ಬೇಸಿನ್ನಿನ ಹಿಂದಿನ ಜಾಯಿಂಟ್ ಕಿತ್ತುಬಂದಿತ್ತು.

ನಾನು ಹೊಸ್ತಿಲ ಹತ್ತಿರ ನಿಂತೆ. ನಿಂತುಬಿಟ್ಟೆ. ಶೆಡ್ಡಿನಿಂದ ಓಡಿಬಂದ ಅಣ್ಣ ನನ್ನನ್ನು ತಳ್ಳಿಕೊಂಡು, ಬಟ್ಟೆಯನ್ನು ಮುಖಕ್ಕೆ ಸುತ್ತಿಕೊಳ್ಳುತ್ತಾ, ಆ ಬಿಳಿಯೊಳಗೆ ನುಗ್ಗಿದರು. ಅಕ್ಕನನ್ನು ಎಳೆದುಕೊಂಡು ಹೊರಗೆ ಬಂದಾಗ ಅವರ ಎರಡೂ ಕೈಗಳು ಮೊಣಕೈ ತನಕ ಕೆಂಪಾಗಿದ್ದವು. ಅಕ್ಕನ ಬಲಗೈಯ ಬೆರಳುಗಳಲ್ಲಿ ನಾಲ್ಕೋ ಐದೋ ಎಳೆಗಳು ಇನ್ನೂ ಸುತ್ತಿಕೊಂಡಿದ್ದವು. ತುದಿ ಸಿಕ್ಕಿತ್ತು ಅವಳಿಗೆ.

ಅವಳು ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಹೋದಳು.

ಅದಕ್ಕೆ ಮೊದಲೇ, ಎರಡನೇ ದಿನ, ಅಧಿಕಾರಿ ಬಂದಿದ್ದರು. ಒಬ್ಬೊಬ್ಬರನ್ನೇ ಕೇಳಿದರು. ಕಲ್ಲನ್ನು ತಂತಿ ಸಮೇತ ಬಿಚ್ಚಿ ಚೀಲಕ್ಕೆ ಹಾಕಿ ಮೊಹರು ಮಾಡಿದರು. ನನ್ನನ್ನು ಕೇಳಿದಾಗ, ಸೈರನ್ ಪರೀಕ್ಷೆ ಮಾಡಿದ್ದೆ, ಕೂಗಿತ್ತು ಎಂದೆ. ಹೆಂಗಸರೂ ಹೌದು, ಕೂಗಿತ್ತು ಎಂದರು. "ಹಾಗಾದರೆ ಆಮೇಲೆ ಯಾಕೆ ಕೂಗಲಿಲ್ಲ?" ಎಂದು ಅವರು ಕೇಳಿದರು. ಆವಿ ಹೊಡೆದು ಸೆನ್ಸರಿನ ತಂತಿ ಹೋಗಿರಬಹುದು, ನೋಡಿ ಹೇಳುತ್ತೇನೆ ಎಂದೆ. ಅದನ್ನು ನಾನು ನಂಬಿರಲಿಲ್ಲ. "ಇರಿ" ಎಂದದ್ದನ್ನು ಹೇಳಲಿಲ್ಲ.

ಅಣ್ಣನ ಹೇಳಿಕೆಯನ್ನು ರಾಮನಗರದ ಆಸ್ಪತ್ರೆಯಲ್ಲಿ ತೆಗೆದುಕೊಂಡರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲಿದ್ದೆ. ಎಲ್ಲ ಕೇಳುತ್ತಿತ್ತು.

"ಕಲ್ಲು ಕಟ್ಟಿದ್ದು ಯಾರು?"

"ನಾನೇ ಸಾ."

"ಗೇಜು ನೋಡಲಿಲ್ವೇನ್ರೀ?"

"ನೋಡ್ದೆ."

"ನೋಡಿ?"

ಈಗ ನನ್ನ ಹೆಸರು ಬರುತ್ತದೆ ಎಂದು ಕಾದೆ.

"ಸುಮ್ಕಿದ್ದೆ," ಅಂದರು.

ಪೆಟ್ಟಿಗೆಯನ್ನು ವರ್ಕ್‌ಶಾಪಿಗೆ ತರಲು ಅಧಿಕಾರಿ ಒಪ್ಪಿದ್ದರು, ಅದರ ನೆನಪಿನಲ್ಲಿರುವುದನ್ನು ಓದಿ ಕೊಡಬೇಕೆಂದು. ಎರಡು ದಿನ ಅದನ್ನು ಬಿಚ್ಚದೆ ಕಪಾಟಿನಲ್ಲಿಟ್ಟಿದ್ದೆ. ಅಕ್ಕ ಹೋದ ಸುದ್ದಿ ಬಂದ ಮೇಲೆ, ಅದೇ ಬೆಳಿಗ್ಗೆ, ಹೊರಗೆ ತೆಗೆದೆ.

ಸೆನ್ಸರಿನ ತಂತಿ ಸರಿಯಾಗಿತ್ತು. ಪೆಟ್ಟಿಗೆ ನಿಮಿಷಕ್ಕೊಮ್ಮೆ ಒತ್ತಡವನ್ನು ಬರೆದಿಟ್ಟುಕೊಳ್ಳುತ್ತದೆ. ಕೊನೆಯ ಸಾಲು ಹೀಗಿತ್ತು: 3.4, 3.6, 3.9, 4.1, 4.4, 4.7, 5.0, 5.3, 5.6, 5.9, 0.4. ಮೂರೂವರೆ ದಾಟಿದ ಮೇಲೆ ಪೈಪು ಕಿತ್ತುಬರುವ ತನಕ ಒಂಬತ್ತು ನಿಮಿಷ. ಅಂದರೆ ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿತ್ತು.

ಆಮೇಲೆ ಅದರ ಸೆಟ್ಟಿಂಗ್‌ಗಳನ್ನು ಓದಿದೆ. ಒತ್ತಡದ ಮಿತಿಯನ್ನು ನಾನು 350 ಎಂದು ಇಡುತ್ತೇನೆ, ಮೂರೂವರೆಯ ನೂರು ಪಟ್ಟು. ಅಲ್ಲಿದ್ದದ್ದು 45792. ನಾನೂರೈವತ್ತೇಳು ಕೆ.ಜಿ. ಒತ್ತಡ ಬಂದರೆ ಕೂಗು ಎಂದು ಯಾರೋ ಹೇಳಿಟ್ಟ ಹಾಗೆ.

ಯಾರು ಹೇಳಿದರು ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರೋಗ್ರಾಮಿನಲ್ಲಿ ಆ ಜಾಗ ಹೀಗಿದೆ:

char unit_name[24];
uint16_t limit;
uint8_t siren_on;
uint8_t spare[8];

ಸಿ ಭಾಷೆಯಲ್ಲಿ ಹೆಸರು, ಮಾತು, ವಾಕ್ಯ ಎಂಬುದಕ್ಕೆ ತನ್ನದೇ ಆದ ಒಂದು ಪಾತ್ರೆ ಇಲ್ಲ. ಅಕ್ಷರಗಳು ನೆನಪಿನ ಕೋಣೆಗಳಲ್ಲಿ ಒಂದರ ಪಕ್ಕ ಒಂದು ಕೂತಿರುತ್ತವೆ, ಎಲ್ಲಿ ಮುಗಿಯಿತು ಎಂದು ತಿಳಿಯಲು ಕೊನೆಗೊಂದು ಸೊನ್ನೆ. ಅಷ್ಟೇ. ಓದುವವನು ಸೊನ್ನೆ ಸಿಗುವ ತನಕ ಓದುತ್ತಾನೆ. ನಕಲು ಮಾಡುವವನು ಸೊನ್ನೆ ಸಿಗುವ ತನಕ ನಕಲು ಮಾಡುತ್ತಾನೆ. ಹಿಡಿಸುತ್ತದೆಯೇ ಎಂದು ಭಾಷೆ ಕೇಳುವುದಿಲ್ಲ, ಬರೆಯುವವನು ಕೇಳಬೇಕು. ಗೂಡಿನ ಮಾರುಕಟ್ಟೆಯಲ್ಲಿ ಟ್ರೇಗಳು ಅಂಟಿಕೊಂಡು ಸಾಲಾಗಿರುತ್ತವಲ್ಲ, ಒಂದರಲ್ಲಿ ಹೆಚ್ಚಾಗಿ ಸುರಿದರೆ ಪಕ್ಕದವನ ಟ್ರೇಗೆ ಉರುಳುತ್ತದೆ. ಅಲ್ಲಾದರೆ ಪಕ್ಕದವನು ಜಗಳಕ್ಕೆ ಬರುತ್ತಾನೆ.

ಹೆಸರಿಗೆ ನಾನು ಇಪ್ಪತ್ನಾಲ್ಕು ಕೋಣೆ, ಅಂದರೆ ಇಪ್ಪತ್ನಾಲ್ಕು ಬೈಟು, ಕೊಟ್ಟಿದ್ದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಕೋಣೆ ಸಾಕು. ಫೋನಿನ ಆ್ಯಪ್‌ನಲ್ಲಿ ಇಪ್ಪತ್ತು ಅಕ್ಷರಕ್ಕಿಂತ ಹೆಚ್ಚು ಟೈಪ್ ಮಾಡಲು ಬಿಡುತ್ತಿರಲಿಲ್ಲ, ಹಾಗಾಗಿ ಪೆಟ್ಟಿಗೆಯೊಳಗೆ ಮತ್ತೆ ಅಳೆಯುವ ಅಗತ್ಯವಿಲ್ಲ ಎಂದುಕೊಂಡು ಒಂದೇ ಸಾಲು ಬರೆದಿದ್ದೆ:

strcpy(cfg.unit_name, msg);

ಬಂದದ್ದನ್ನು ಹಾಗೇ ಹೆಸರಿನ ಜಾಗಕ್ಕೆ ಸುರಿ ಎಂದು ಇದರ ಅರ್ಥ. ಬೇಲಿಯನ್ನು ಫೋನಿನಲ್ಲಿ ಹಾಕಿದ್ದೆ, ಹೊಲ ಪೆಟ್ಟಿಗೆಯಲ್ಲಿತ್ತು. ಆ್ಯಪ್ ಎಣಿಸುತ್ತಿದ್ದದ್ದು ಅಕ್ಷರವನ್ನು. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ, ಅದರ ಕೊಂಬು, ಗುಡಿಸು, ಇಳಿಗಳಲ್ಲಿ ಒಂದೊಂದಕ್ಕೂ, ಮೂರು ಮೂರು ಕೋಣೆ ಬೇಕು. ಒತ್ತಕ್ಷರವನ್ನು ಅಂಟಿಸುವ ಕಾಣದ ಗುರುತೂ ಸೇರಿ, ನೂರುನ್ನಿಸಾ ಎಂಬುದರಲ್ಲಿ ಅಂಥ ಹತ್ತು ಗುರುತುಗಳಿವೆ. ಮೂವತ್ತು ಕೋಣೆ, ಮೇಲೊಂದು ಸೊನ್ನೆ. ಮೊದಲ ಎಂಟು ಗುರುತುಗಳು ಇಪ್ಪತ್ನಾಲ್ಕನ್ನು ತುಂಬಿದವು. ಒಂಬತ್ತನೆಯದರ ಮೊದಲೆರಡು ತುಂಡುಗಳು ಮಿತಿಯ ಮೇಲೆ ಹೋಗಿ ಕೂತವು. ಆ ತುಂಡುಗಳನ್ನೇ ಅಂಕಿಯೆಂದು ಓದಿದರೆ 45792.

ಮೂರನೆಯ ತುಂಡು ಸೈರನ್ ಚಾಲೂ ಇದೆಯೇ ಎಂದು ಹೇಳುವ ಕೋಣೆಗೆ ಬಿದ್ದಿತ್ತು. ಅಲ್ಲಿ ಸೊನ್ನೆ ಅಲ್ಲದ್ದು ಏನಿದ್ದರೂ ಚಾಲೂ ಎಂದು ಅರ್ಥ. ಅದಕ್ಕೇ ಗುಂಡಿ ಒತ್ತಿದಾಗ ಸೈರನ್ ಕೂಗಿತು. ಉಳಿದದ್ದು, ಮುಂದೆಂದಾದರೂ ಬೇಕಾದೀತೆಂದು ನಾನು ಖಾಲಿ ಬಿಟ್ಟಿದ್ದ ಎಂಟು ಕೋಣೆಗಳಿಗೆ ಹರಿದಿತ್ತು. ಆ ಖಾಲಿ ಜಾಗ ಬಿಡದಿದ್ದರೆ ಅದರ ಮುಂದಿನ ಕೋಣೆಗಳಲ್ಲಿದ್ದ ಮಾಲೀಕರ ಫೋನ್ ನಂಬರ್ ಕೆಟ್ಟು ಮೆಸೇಜೇ ಬರುತ್ತಿರಲಿಲ್ಲ, ಯಾರಾದರೂ ನನ್ನನ್ನು ಕರೆಯುತ್ತಿದ್ದರು. ಹೆಸರು ಮಾತ್ರ ಪೂರ್ತಿ ಸರಿಯಾಗಿ ಬರುತ್ತಿತ್ತು, ಏಕೆಂದರೆ ಓದುವ ಸಾಲೂ ಗಡಿ ನೋಡದೆ ಸೊನ್ನೆಯ ತನಕ ಓದಿಕೊಂಡು ಹೋಗುತ್ತಿತ್ತು. ಅಂದು ಬೆಳಿಗ್ಗೆಯೂ ಮಾಲೀಕರಿಗೆ ಮೆಸೇಜ್ ಹೋಗಿದೆ. ನೂರುನ್ನಿಸಾ. ಎಲ್ಲ ಸರಿ.

ಕಾಲೇಜಿನಲ್ಲಿ ಇದನ್ನು ನಮಗೆ ಕಲಿಸಿದ್ದರು. ಪರೀಕ್ಷೆಗೆ ಬಂದಿತ್ತು, ಸರಿಯಾಗಿ ಬರೆದಿದ್ದೆ.

ಆ ಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಏನೇನು ಯೋಚನೆ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಈ ಅಂಕಿಯನ್ನು ನೋಡಿದವನು ನಾನೊಬ್ಬನೇ. 350 ಎಂದು ತಿದ್ದಲು ಒಂದು ಗಳಿಗೆ ಸಾಕು. ಕಲ್ಲು ಹೇಗೂ ಇದೆ. ಕಲ್ಲು ಕಟ್ಟಿದವರು ಹೇಗೂ ಒಪ್ಪಿಕೊಂಡಿದ್ದಾರೆ. ಆಗ ಉಳಿದ ಹತ್ತು ಪೆಟ್ಟಿಗೆಗಳ ನೆನಪಾಯಿತು. ಅವುಗಳಲ್ಲಿ ಎಷ್ಟರಲ್ಲಿ ಹೆಸರನ್ನು ಕನ್ನಡಕ್ಕೆ ಬದಲಿಸಿದ್ದಾರೆ? ಈ ಹೊತ್ತಿನಲ್ಲಿ ಎಷ್ಟು ಕಡೆ ಬೆಂಕಿ ಉರಿಯುತ್ತಿದೆ, ಎಷ್ಟು ಕಡೆ ಯಾರಾದರೂ ಪೈಪಿಗೆ ಬೆನ್ನು ಕೊಟ್ಟು ಎಳೆ ಹುಡುಕುತ್ತಾ ಕೂತಿದ್ದಾರೆ?

ಫೋನ್ ತೆಗೆದುಕೊಂಡು ಹತ್ತು ಕಡೆಗೂ ಮಾಡಿದೆ. "ಬೆಂಕಿ ಎಳೆಯಿರಿ, ಈಗಲೇ. ನಾನು ಬಂದು ನೋಡುವ ತನಕ ಹೊತ್ತಿಸಬೇಡಿ. ಪೆಟ್ಟಿಗೆ ನಂಬಬೇಡಿ."

ಕನಕಪುರ ರಸ್ತೆಯ ಒಬ್ಬರು ರೇಗಿದರು. "ಗೂಡು ಬೇಯ್ತಾ ಐತೆ, ಹೆಂಗ್ರೀ ನಿಲ್ಸೋದು? ಏನಾಗೈತೆ ಪೆಟ್ಗೆಗೆ?"

"ತಪ್ಪಿದೆ."

"ಯಾರ್ದು ತಪ್ಪು?"

"ನಂದು."

ಆ ಕಡೆ ಅವರು ಯಾರಿಗೋ, "ಲೇ, ಬೆಂಕಿ ಎಳೀರ್ಲಾ" ಎಂದು ಕೂಗಿದ್ದು ಕೇಳಿತು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಒಬ್ಬರಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳದಿರುವುದು ಸಾಧ್ಯವಿರಲಿಲ್ಲ.

ಆ ದಿನ ಮತ್ತು ಮರುದಿನ ಬೈಕಿನಲ್ಲಿ ಹತ್ತೂ ಕಡೆ ತಿರುಗಿದೆ. ಆರು ಕಡೆ ಹೆಸರು ಇಂಗ್ಲಿಷಿನಲ್ಲೇ ಇತ್ತು. ನಾಲ್ಕು ಕಡೆ ಕನ್ನಡದಲ್ಲಿ. ಒಂದು ಚಿಕ್ಕ ಹೆಸರು, ಅದು ಉಳಿದಿತ್ತು. ಮೂರರಲ್ಲಿ ಮಿತಿ ಅಳಿಸಿಹೋಗಿತ್ತು. ಬೈರಮಂಗಲದ ಕಡೆಯ ಒಂದು ಘಟಕದಲ್ಲಿ ವಾಲ್ವಿನ ಸನ್ನೆಗೆ ಇಟ್ಟಿಗೆ ಕಟ್ಟಿದ್ದರು. ಯಾಕೆ ಕಟ್ಟಿದಿರಿ ಎಂದು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು. ನಾನೇ ಬಿಚ್ಚಿ ಕೆಳಗಿಟ್ಟೆ.

ಪ್ರೋಗ್ರಾಮನ್ನು ತಿದ್ದಿದ್ದು ಆಮೇಲೆ. ಈಗ ಹೆಸರು ಬಂದರೆ ಪೆಟ್ಟಿಗೆಯೇ ಅದರ ಬೈಟುಗಳನ್ನು ಎಣಿಸುತ್ತದೆ. ಹಿಡಿಸದಿದ್ದರೆ ಕತ್ತರಿಸುವುದಿಲ್ಲ, ಕತ್ತರಿಸಿದರೆ ಕನ್ನಡದ ಅಕ್ಷರ ನಡುವೆ ತುಂಡಾಗುತ್ತದೆ. ಒಪ್ಪುವುದಿಲ್ಲ ಎಂದು ಹೇಳಿ ಹಳೆಯ ಹೆಸರನ್ನೇ ಇಟ್ಟುಕೊಳ್ಳುತ್ತದೆ. ಹೆಸರಿನ ಜಾಗವನ್ನು ತೊಂಬತ್ತಾರು ಮಾಡಿ, ಮಿತಿಯನ್ನು ಅಲ್ಲಿಂದ ತೆಗೆದು ಬೇರೆಯೇ ಕಡೆ ಇಟ್ಟೆ. ಮಿತಿ ಎಂಟರ ಮೇಲೆ ಹೋಗಿದ್ದು ಕಂಡರೆ, ಯಾಕೆ ಏನು ಎಂದು ನೋಡದೆ, ಸೈರನ್ ಕೂಗುತ್ತದೆ. ಪರದೆಯ ಮೇಲೆ "ಸರಿ" ಎಂಬ ಗುರುತಿಲ್ಲ. ಒತ್ತಡದ ಪಕ್ಕದಲ್ಲಿ ಮಿತಿಯ ಅಂಕಿ ಇದೆ. ಸರಿಯೋ ಅಲ್ಲವೋ ಎಂದು ನಿಂತವರು ನೋಡಿ ಹೇಳಲಿ.

ಅಧಿಕಾರಿಗೆ ನಾಲ್ಕು ಪುಟ ಬರೆದುಕೊಟ್ಟೆ. ನಿಮಿಷಗಳ ಪಟ್ಟಿ, 45792, ಆ ಒಂದು ಸಾಲು. ಕೊನೆಯ ಪುಟದಲ್ಲಿ, ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಬೆಂಕಿ ಎಳೆಯಲೇ ಎಂದು ಕೇಳಿದ್ದರು, ಬೇಡವೆಂದವನು ನಾನು, ಆಗ ಒತ್ತಡ 4.4, ಇನ್ನೂ ಆರು ನಿಮಿಷ ಇತ್ತು ಎಂದು ಬರೆದೆ. ಅವರು ಅದನ್ನು ಎರಡು ಸಲ ಓದಿದರು.

"ಇದನ್ನು ಅವತ್ತೇ ಹೇಳಬಹುದಿತ್ತಲ್ಲ?"

"ಹೇಳಬೇಕಿತ್ತು."

"ಆತನೂ ಹೇಳಲಿಲ್ಲವಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಸಹಿ ಹಾಕಿಸಿಕೊಂಡರು. ಪ್ರಕರಣ ಇನ್ನೂ ನಡೆಯುತ್ತಿದೆ. ಅದರಲ್ಲಿ ಈಗ ಎರಡು ಹೆಸರುಗಳಿವೆ.

ಮಾಲೀಕರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಎಲ್ಲವನ್ನೂ ಕೇಳಿ, ತಮ್ಮ ಫೋನಿನಲ್ಲಿ ಆ ಹಳೆಯ ಮೆಸೇಜನ್ನು ತೆಗೆದು ನೋಡುತ್ತಾ ಕೂತರು. "ಅಮ್ಮಿ ಹೆಸರಿಂದಾನಾ ಸಾರ್?" ಎಂದರು.

"ಹೆಸರಿಂದಲ್ಲ. ಹೆಸರಿಗೆ ನಾನು ಜಾಗ ಕೊಟ್ಟಿರಲಿಲ್ಲ."

ಅವರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ನನ್ನನ್ನು ಬೈಯಲಿಲ್ಲ. ಎದ್ದು ಒಳಗೆ ಹೋದವರು ಆ ದಿನ ಮತ್ತೆ ಹೊರಗೆ ಬರಲಿಲ್ಲ.

ಅಣ್ಣನ ಊರಿಗೆ ಹೋದದ್ದು ಅವರು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ. ಜಗುಲಿಯ ಮೇಲೆ ಕೂತಿದ್ದರು, ಎರಡೂ ಕೈಗೆ ಬಿಳಿ ಪಟ್ಟಿ. ಅವರ ಹೆಂಡತಿ ಅವರಿಗೆ ರಾಗಿ ಅಂಬಲಿಯನ್ನು ಲೋಟದಿಂದ ಕುಡಿಸುತ್ತಿದ್ದರು. ನನ್ನನ್ನು ಕಂಡು ಲೋಟ ಕೆಳಗಿಟ್ಟು ಒಳಗೆ ಹೋದರು.

ಹೆಸರು, ಕೋಣೆ, ಸೊನ್ನೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕೊನೆಗೆ ಕೇಳಿದರು: "ಅಂಗಾರೆ ಸೈರನ್ ಹೊಡುದಿದ್ರೆ ಎಷ್ಟು ಹೊತ್ತು ಸಿಕ್ತಿತ್ತು?"

"ಒಂಬತ್ತು ನಿಮಿಷ."

"ಒಂಬತ್ತು." ಅಂಗಳದ ಕಡೆ ನೋಡುತ್ತಾ ಲೆಕ್ಕ ಹಾಕಿದರು. "ಬೆಂಕಿ ಎಳಿಯಕೆ ಎರಡು. ಸನ್ನೆ ಎತ್ತಕೆ ಎಷ್ಟೊತ್ತು, ಹಗ್ಗ ಅಲ್ಲೇ ಇತ್ತು. ಆಮೇಲೆ ಅವ್ಳನ್ನ ಎಬ್ಬುಸ್ಬೇಕು. ಎದ್ದೇಳ್ತಿರ್ಲಿಲ್ಲ ಅವ್ಳು, ತುದಿ ಸಿಕ್ಕಗಂಟ. ಬೈದು ಎಬ್ಬುಸ್ಬೇಕಾಗಿತ್ತು." ಪಟ್ಟಿ ಸುತ್ತಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. "ಒಂಬತ್ತು ನಿಮಿಷ ಬೈಬೋದಿತ್ತು."

"ಕಲ್ಲು ನಾನೇ ಕಟ್ಟಿದ್ದು ಕಣಪ್ಪ," ಅಂದರು ಮತ್ತೆ. ಅಷ್ಟು ದಿನ ಸಾ ಎನ್ನುತ್ತಿದ್ದವರು ಮೊದಲ ಸಲ ಹಾಗೆ ಕರೆದರು. "ಅದುನ್ನ ನೀನು ತಗಳಕಾಗಲ್ಲ."

"ಕಲ್ಲಿನದು ಬೇರೆ. ಬೆಂಕಿ ಎಳೆಯಲಾ ಅಂತ ನೀವು ಕೇಳಿದಿರಿ. ಇರಿ ಅಂದವನು ನಾನು. ಅದನ್ನು ಆಸ್ಪತ್ರೆಯಲ್ಲಿ ನೀವು ಯಾಕೆ ಹೇಳಲಿಲ್ಲ?"

ಅವರು ನನ್ನ ಮುಖ ನೋಡಿದರು. ಕೋಪವಿರಲಿಲ್ಲ ಅದರಲ್ಲಿ. ಕೋಪವಿದ್ದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

"ನೀನು ಬಾಗ್ಲ ತಾವೇ ಕುಂತಿದ್ದಲ್ಲ. ಕಾಲು ಕಾಣ್ತಿದ್ವು. ನೀನೇ ಬಂದು ಹೇಳ್ತೀಯ ಅಂತ ಒಸಿ ಹೊತ್ತು ನೋಡ್ದೆ."

ಆ ಘಟಕ ಈಗ ಮತ್ತೆ ನಡೆಯುತ್ತಿದೆ. ಬಾಯ್ಲರ್ ಹೊಸದು, ಅದರ ವಾಲ್ವಿಗೆ ಬೀಗ ಹಾಕಿ ಮೊಹರು ಮಾಡಿದ್ದಾರೆ, ಏನನ್ನೂ ಕಟ್ಟಲು ಬರುವುದಿಲ್ಲ. ಒಂದನೇ ಬೇಸಿನ್ ಇದ್ದ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಹೆಸರು ನೂರುನ್ನಿಸಾ ಎಂದೇ ಇದೆ, ಕನ್ನಡದಲ್ಲೇ ಇದೆ. ಪೆಟ್ಟಿಗೆಯನ್ನು ಮಾಲೀಕರು ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ತಿದ್ದಿದ್ದನ್ನು ತಂದು ಹಾಕಿ ಎಂದರು, ಬೇರೆ ಇಬ್ಬರು ಎಂಜಿನಿಯರುಗಳಿಂದ ಓದಿಸಿದ ಮೇಲೆ.

ಅಣ್ಣನ ಬೆರಳುಗಳು ಇನ್ನು ಪೂರ್ತಿ ಮಡಚುವುದಿಲ್ಲ. ಅವರು ಬೆಂಕಿಯ ಮುಂದೆ ಮತ್ತೆ ಕೂರಲಾರರು. ಕಳೆದ ಸಲ ಹೋದಾಗ, ಬೆಳಿಗ್ಗೆಯ ಮೆಸೇಜಿನಲ್ಲಿ ಈಗ ಏನು ಬರುತ್ತದೆ ಎಂದು ಕೇಳಿದರು. ಹೆಸರು, ಒತ್ತಡ, ಮಿತಿ ಎಂದೆ.

"ನನ್ ಫೋನಿಗೂ ಬರಂಗೆ ಮಾಡು," ಅಂದರು. "ದಿನಾ ಒಂದ್ಸಲ ನೋಡ್ಕತೀನಿ."

ಘಟಕಕ್ಕೆ ಹೋಗಿ, ಪೆಟ್ಟಿಗೆಯ ಹತ್ತಿರ ನಿಂತು, ಅವರ ನಂಬರನ್ನು ಸೇರಿಸಿದೆ. ಹತ್ತು ಅಂಕಿ, ಕೊನೆಗೊಂದು ಸೊನ್ನೆ, ಒಟ್ಟು ಹನ್ನೊಂದು ಕೋಣೆ. ಜಾಗ ಹದಿನಾರು ಇತ್ತು. ಆದರೂ ಬೆರಳು ಮಡಚಿ ಎಣಿಸಿದೆ. ಆಮೇಲೆ ಇನ್ನೊಂದು ಸಲ ಎಣಿಸಿದೆ.